ಮತದಾನದ ದಿನವಾದರೂ ಮೈಕ್ ಬಂದ್ ಆಗಲಿ

2024ರ ಏಪ್ರಿಲ್ 26, ಶುಕ್ರವಾರ. ಮೈಸೂರು, ಮಂಡ್ಯ, ಹಾಸನ, ಬೆಂಗಳೂರು ಸೇರಿ ರಾಜ್ಯದ 14 ಲೋಕಸಭಾ ಕ್ಷೇತ್ರಗಳಲ್ಲಿ ಜನ ಬಿಸಿಲಲ್ಲಿ ಸರತಿ ನಿಂತಿದ್ದರು. ಅದೇ ದಿನ ವಿಜಯಪುರ ಮತ್ತು ಬಳ್ಳಾರಿಯಲ್ಲಿ ರಾಹುಲ್ ಗಾಂಧಿ ಬಹಿರಂಗ ಸಭೆ ನಡೆಸಿದರು. ನರೇಂದ್ರ ಮೋದಿ ಬಿಹಾರ, ಪಶ್ಚಿಮ ಬಂಗಾಳದಲ್ಲಿ ಭಾಷಣ ಮಾಡುತ್ತಿದ್ದರು. ಇಬ್ಬರೂ ಕಾನೂನು ಮುರಿಯಲಿಲ್ಲ. ಅವರು ನಿಂತ ನೆಲದಲ್ಲಿ ಆ ದಿನ ಮತದಾನ ಇರಲಿಲ್ಲ. ಆದರೆ ಆ ಮಾತುಗಳು ಟಿ.ವಿ. ಮತ್ತು ಮೊಬೈಲ್ ಮೂಲಕ ಮಂಡ್ಯದ ಮತದಾರನ ಕೈಗೂ ಬರುವಂತಿದ್ದವು.

ಜನಪ್ರತಿನಿಧಿ ಕಾಯ್ದೆಯ 126ನೇ ಸೆಕ್ಷನ್ ಪ್ರಕಾರ ಮತದಾನ ಮುಗಿಯುವ ಹೊತ್ತಿಗೆ ಮುಂಚಿನ 48 ಗಂಟೆ ಬಹಿರಂಗ ಸಭೆ, ಮೆರವಣಿಗೆ, ಟಿ.ವಿ. ಪ್ರಚಾರ ಯಾವುದೂ ನಡೆಯುವಂತಿಲ್ಲ. ತಪ್ಪಿದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಆದರೆ ಈ ನಿರ್ಬಂಧ ಅನ್ವಯವಾಗುವುದು ಮತದಾನ ನಡೆಯುವ ಪ್ರದೇಶಕ್ಕೆ ಮಾತ್ರ. ಧ್ವನಿವರ್ಧಕದ ಸದ್ದು ಕೇಳುವಷ್ಟು ದೂರವೇ ಪ್ರಚಾರದ ಎಲ್ಲೆಯಾಗಿದ್ದ ಕಾಲಕ್ಕೆ ಅದು ಸಾಕಾಗುತ್ತಿತ್ತು. ಮೊದಲ ಮಹಾಚುನಾವಣೆ 1951ರ ಅಕ್ಟೋಬರ್‌ನಿಂದ 1952ರ ಫೆಬ್ರುವರಿವರೆಗೆ ನಡೆಯಿತು. ಹಿಮಾಚಲದ ಚಿನಿ ತಾಲ್ಲೂಕಿನವರು ಹಿಮ ಬೀಳುವ ಮುನ್ನವೇ ಮತ ಹಾಕಿ ತಿಂಗಳುಗಟ್ಟಲೆ ಫಲಿತಾಂಶ ಕಾದರು. ಆಗ ದೂರದ ಊರಿನ ಭಾಷಣ ಮತಗಟ್ಟೆಯ ಸಾಲಿಗೆ ಅದೇ ಗಳಿಗೆಯಲ್ಲಿ ತಲುಪುವ ದಾರಿಯೇ ಇರಲಿಲ್ಲ.

ಈಗ ಮತದಾನದ ದಿನದ ರಸ್ತೆಯನ್ನೇ ನೋಡಿ. ಶಾಲೆಯ ಗೇಟಿನಿಂದ 100 ಮೀಟರ್ ದೂರದಲ್ಲಿ ನೆಲಕ್ಕೆ ಬಿಳಿ ಗೆರೆ ಎಳೆದಿರುತ್ತಾರೆ. ಅದರೊಳಗೆ ಮತ ಕೇಳುವಂತಿಲ್ಲ, ಪಕ್ಷದ ಚಿಹ್ನೆ ತೋರಿಸುವಂತಿಲ್ಲ. ಪಕ್ಷದ ಕಾರ್ಯಕರ್ತರು ಮೇಜು ಹಾಕಿಕೊಂಡು ಚೀಟಿ ಕೊಡಬೇಕಾದರೆ 200 ಮೀಟರ್ ಆಚೆ ಹೋಗಬೇಕು. ಒಂದು ಮೇಜು, ಎರಡು ಕುರ್ಚಿ ಎಂಬ ಲೆಕ್ಕವೂ ಇದೆ. ಚುನಾವಣಾ ಸಿಬ್ಬಂದಿ ಇದನ್ನೆಲ್ಲ ಅಳೆದು ನೋಡುತ್ತಾರೆ. ಗೆರೆಯ ಆಚೆ ಸರತಿಯಲ್ಲಿರುವವರ ಮೊಬೈಲ್‌ನಲ್ಲಿ ಮಾತ್ರ ಪಕ್ಕದ ಜಿಲ್ಲೆಯ ರ್‍ಯಾಲಿ ನೇರ ಪ್ರಸಾರವಾಗುತ್ತಿರುತ್ತದೆ. ಮೇಜು ಹಾಕಿಕೊಂಡು ಕೂತ ಬೂತ್ ಕಾರ್ಯಕರ್ತನಿಗೆ ಇರುವ ಕಟ್ಟುಪಾಡು ದೇಶದ ದೊಡ್ಡ ನಾಯಕರಿಗೆ ಇಲ್ಲ. ಇದು ಅನ್ಯಾಯ.

ಈ ಸಂದಿಯನ್ನು ಎಲ್ಲ ಪಕ್ಷಗಳೂ ಬಳಸಿಕೊಂಡಿವೆ. 2014ರ ಏಪ್ರಿಲ್ 7ರಂದು ಅಸ್ಸಾಂ, ತ್ರಿಪುರಾದಲ್ಲಿ ಮೊದಲ ಹಂತದ ಮತದಾನ ನಡೆಯುತ್ತಿದ್ದಾಗಲೇ ಬಿಜೆಪಿ ಪ್ರಣಾಳಿಕೆ ಬಿಡುಗಡೆ ಮಾಡಿತು. 2017ರ ಗುಜರಾತ್ ಚುನಾವಣೆಯ ಎರಡನೇ ಹಂತದ ಮುನ್ನಾದಿನ ರಾಹುಲ್ ಗಾಂಧಿ ಸಂದರ್ಶನ ಟಿ.ವಿ.ಯಲ್ಲಿ ಬಂತು, ಚುನಾವಣಾ ಆಯೋಗ ಮೊದಲು ನೋಟಿಸ್ ಕೊಟ್ಟು ಆಮೇಲೆ ಹಿಂಪಡೆಯಿತು. 2018ರ ಮೇ 12ರಂದು ಕರ್ನಾಟಕ ಮತ ಹಾಕುತ್ತಿದ್ದಾಗ ಪ್ರಧಾನಿ ಮೋದಿ ನೇಪಾಳದ ಮುಕ್ತಿನಾಥ, ಪಶುಪತಿನಾಥ ದೇವಾಲಯಗಳಲ್ಲಿದ್ದರು. 2023ರಲ್ಲಿ ಬಹಿರಂಗ ಪ್ರಚಾರಕ್ಕೆ ತೆರೆ ಬಿದ್ದ ಮೇಲೆ ಕನ್ನಡಿಗರಿಗೆ ಅವರ ವಿಡಿಯೊ ಮನವಿ ಬಂತು, ಕಾಂಗ್ರೆಸ್ ದೂರು ಕೊಟ್ಟಿತು. ಕೇದಾರನಾಥದ ಗುಹೆ, ಕನ್ಯಾಕುಮಾರಿಯ ವಿವೇಕಾನಂದ ಸ್ಮಾರಕದಲ್ಲಿ ಅವರ ಧ್ಯಾನವೂ ಕೊನೆಯ ಹಂತದ ಮತದಾನದ ಹೊತ್ತಿಗೇ ನಡೆದವು. ದೇವರ ದರ್ಶನಕ್ಕೆ ಯಾರೂ ಅಡ್ಡಿ ಬರಬಾರದು. ದಿನವಿಡೀ ಕ್ಯಾಮೆರಾ ಮುಂದೆ ನಡೆಯುವ ದರ್ಶನವನ್ನು ಮಾತ್ರ ಪ್ರಚಾರದ ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ಹಂತಗಳ ನಡುವೆ ಏನೆಲ್ಲ ಆಗಬಹುದು ಎಂಬುದಕ್ಕೆ 1991 ಸಾಕ್ಷಿ. ಮೇ 20ರಂದು ಮೊದಲ ಹಂತ ಮುಗಿಯಿತು, ಮರುದಿನ ರಾತ್ರಿ ಶ್ರೀಪೆರಂಬದೂರಿನಲ್ಲಿ ರಾಜೀವ್ ಗಾಂಧಿ ಹತ್ಯೆಯಾಯಿತು. ಉಳಿದ ಮತದಾನ ಜೂನ್‌ಗೆ ಹೋಯಿತು, ಮೊದಲ ಹಂತಕ್ಕಿಂತ ಆ ಕ್ಷೇತ್ರಗಳಲ್ಲಿ ಕಾಂಗ್ರೆಸ್ ಬಹಳ ಚೆನ್ನಾಗಿ ಗೆದ್ದಿತು. 2024ರಲ್ಲಿ ಲೈಂಗಿಕ ದೌರ್ಜನ್ಯ ಆರೋಪದ ಹಾಸನದ ಪೆನ್‌ಡ್ರೈವ್ ಪ್ರಕರಣಕ್ಕೆ ವಿಶೇಷ ತನಿಖಾ ತಂಡ (ಎಸ್‌ಐಟಿ) ಘೋಷಣೆಯಾಗಿದ್ದು ಅಲ್ಲಿ ಮತದಾನ ಮುಗಿದ ಮರುದಿನ. ಮೇ 7ರಂದು ಮತ ಹಾಕಬೇಕಿದ್ದ ಉತ್ತರದ 14 ಕ್ಷೇತ್ರಗಳ ಪ್ರಚಾರದಲ್ಲಿ ಅದೇ ದೊಡ್ಡ ವಿಷಯವಾಯಿತು. ಮೊದಲ 14ರಲ್ಲಿ ಕಾಂಗ್ರೆಸ್ ಗೆದ್ದಿದ್ದು 2, ಎರಡನೇ 14ರಲ್ಲಿ 7. ಜಾತಿ, ಮೈತ್ರಿ, ಅಭ್ಯರ್ಥಿ, ಪ್ರದೇಶ, ಎಲ್ಲವೂ ಇದರ ಹಿಂದಿವೆ. ಒಂದೇ ಕಾರಣಕ್ಕೆ ಗಂಟು ಹಾಕುವುದು ಸರಿಯಲ್ಲ. ಆದರೂ ಒಂದೇ ರಾಜ್ಯದ ಅರ್ಧ ಜನ ಕೇಳಿದ ಪ್ರಚಾರ ಒಂದು, ಉಳಿದರ್ಧ ಕೇಳಿದ್ದು ಇನ್ನೊಂದು ಎಂಬುದು ನಿಜ.

ಮತದಾನಕ್ಕೆ ಮುಂಚಿನ ಈ ಪ್ರಚಾರ ಮೌನವೇ ಬೇಡ ಎನ್ನುವವರ ವಾದದಲ್ಲೂ ತೂಕವಿದೆ. ಅಮೆರಿಕದಲ್ಲಿ ಮತದಾನದ ದಿನ ಪತ್ರಿಕೆಗಳು ಸಂಪಾದಕೀಯದಲ್ಲಿ ಮತ ಕೇಳಬಾರದೆಂಬ ಅಲಬಾಮಾ ರಾಜ್ಯದ ಕಾನೂನನ್ನು ಅಲ್ಲಿನ ಸುಪ್ರೀಂ ಕೋರ್ಟ್ 1966ರಲ್ಲಿ ತಳ್ಳಿಹಾಕಿತು. ಹಿಂದಿನ ದಿನ ಹಬ್ಬಿಸಿದ ಸುಳ್ಳಿಗೆ ಉತ್ತರ ಕೊಡುವ ದಾರಿಯೇ ಮುಚ್ಚಿಹೋಗುತ್ತದೆ ಎಂಬುದು ಮುಖ್ಯ ಆತಂಕ. ಇಲ್ಲಿ ಸುಳ್ಳಿನ ಜತೆ ಹಣ, ಸೀರೆ, ಹೆಂಡದ ಹಂಚಿಕೆಯೂ ಆ ಕತ್ತಲ ರಾತ್ರಿಯಲ್ಲೇ ನಡೆಯುತ್ತದೆ. ಹೀಗಿದ್ದರೂ ಮೌನದ ಅವಧಿ ಬೇಕೇ ಬೇಕು. ಕೊನೆಯ ಗಂಟೆಯವರೆಗೂ ಮಾತಿಗೆ ಬಿಟ್ಟರೆ ಗೆಲ್ಲುವುದು ಸತ್ಯ ಹೇಳುವವನಲ್ಲ, ಹೆಚ್ಚು ಮೈಕ್, ಹೆಚ್ಚು ಜಾಹೀರಾತು ಕೊಳ್ಳಬಲ್ಲವನು. ಸುಳ್ಳಿಗೆ ಉತ್ತರ ಕೊಡುವ ಕೆಲಸ ಜಿಲ್ಲಾ ಚುನಾವಣಾಧಿಕಾರಿಯದಾಗಲಿ. ಅಭ್ಯರ್ಥಿ ದೂರು ಕೊಟ್ಟ ಕೆಲವೇ ಗಂಟೆಗಳಲ್ಲಿ ಅಧಿಕೃತ ಸ್ಪಷ್ಟನೆ ಹೊರಬೀಳಬೇಕು.

ನ್ಯೂಜಿಲೆಂಡ್‌ನಲ್ಲಿ ಮತದಾನದ ದಿನ ಸಂಜೆ 7ರವರೆಗೆ ಪ್ರಚಾರ ಪೂರ್ತಿ ನಿಷಿದ್ಧ, ರಸ್ತೆ ಬದಿಯ ಫಲಕಗಳನ್ನೂ ಹಿಂದಿನ ರಾತ್ರಿಯೇ ಇಳಿಸಬೇಕು. ಮುಂಗಡ ಮತದಾನ ನಡೆಯುವ ದಿನಗಳಲ್ಲಿ ಮಾತ್ರ ಪ್ರಚಾರ ಎಂದಿನಂತೆ ಸಾಗುತ್ತದೆ. ಬಹಳಷ್ಟು ಜನ ಈಗ ಮೊದಲೇ ಮತ ಹಾಕುವುದರಿಂದ ಈ ತಾರತಮ್ಯ ಅಲ್ಲಿಯೂ ಚರ್ಚೆಯಲ್ಲಿದೆ.

ಭಾರತಕ್ಕೆ ಹೊಸ ಪಾಠ ಬೇಕಿಲ್ಲ, ಆಯೋಗವೇ ದಾರಿ ತೋರಿಸಿದೆ. ಬಹು ಹಂತದ ಚುನಾವಣೆಯಲ್ಲಿ ಯಾವ ಹಂತದ ಮೌನದ ಅವಧಿಯಲ್ಲೂ ಪ್ರಣಾಳಿಕೆ ಬಿಡುಗಡೆ ಮಾಡುವಂತಿಲ್ಲ ಎಂದು 2019ರ ಮಾರ್ಚ್‌ನಲ್ಲಿ ಅದು ಆದೇಶಿಸಿತು. ಅಂದರೆ ಒಂದು ಕಡೆಯ ಮತದಾನ ದೇಶದ ಎಲ್ಲ ಕಡೆಯ ಪ್ರಚಾರಕ್ಕೂ ಸಂಬಂಧಿಸಿದ್ದು ಎಂದು ಆಯೋಗ ಒಪ್ಪಿದೆ. ಪ್ರಣಾಳಿಕೆಗೆ ಅನ್ವಯಿಸುವ ನಿಯಮ ಅದೇ ಪ್ರಣಾಳಿಕೆಯ ಭರವಸೆಗಳನ್ನು ಕೂಗಿ ಹೇಳುವ ಭಾಷಣಕ್ಕೆ ಏಕಿಲ್ಲ? 2021ರಲ್ಲಿ ಬಂಗಾಳದ ಎಂಟು ಹಂತಗಳ ಚುನಾವಣೆಯ ನಡುವೆ ಕೋವಿಡ್ ಏರಿದಾಗ ಉಳಿದ ಹಂತಗಳಿಗೆ 48 ಗಂಟೆಯ ಮೌನವನ್ನು ಆಯೋಗ 72ಕ್ಕೆ ಏರಿಸಿತು. ಮನಸ್ಸು ಮಾಡಿದರೆ ಆಗುತ್ತದೆ.

ಆಗಬೇಕಾದ ಮೊದಲ ಕೆಲಸ ಒಂದು ರಾಜ್ಯಕ್ಕೆ ಒಂದೇ ದಿನ ಮತದಾನ. ಕರ್ನಾಟಕ 2018 ಮತ್ತು 2023ರ ವಿಧಾನಸಭಾ ಚುನಾವಣೆಗಳನ್ನು ಒಂದೇ ಹಂತದಲ್ಲಿ ಮುಗಿಸಿದೆ, ಲೋಕಸಭೆಗೆ ಎರಡು ಹಂತ ಬೇಕಿರಲಿಲ್ಲ. ಎರಡನೆಯದು, ಮತದಾನ ನಡೆಯುವ ದಿನಗಳಲ್ಲಿ ದೇಶದ ಯಾವ ಮೂಲೆಯಲ್ಲೂ ರ್‍ಯಾಲಿ, ರೋಡ್ ಶೋ, ಸಂದರ್ಶನ ಇರಬಾರದು. 2024ರ ಚುನಾವಣೆ ಏಪ್ರಿಲ್ 19ರಿಂದ ಜೂನ್ 1ರವರೆಗೆ ನಡೆದರೂ ಮತದಾನದ ದಿನಗಳು ಏಳೇ. ಆ ಏಳು ದಿನ ಬಿಟ್ಟುಕೊಟ್ಟರೆ ಯಾವ ಪಕ್ಷವೂ ಮುಳುಗುವುದಿಲ್ಲ. ಮನೆ ಮನೆ ಭೇಟಿ ಈಗಿನಂತೆಯೇ ಇರಲಿ.

ಪತ್ರಿಕೆಗಳ ವಿಷಯವನ್ನೂ ಪತ್ರಿಕೆಯಲ್ಲೇ ಹೇಳಬೇಕು. 126ನೇ ಸೆಕ್ಷನ್ನಿನ ನಿರ್ಬಂಧ ಮುದ್ರಣ ಮಾಧ್ಯಮಕ್ಕೆ ಇಲ್ಲ. ಮತದಾನದ ಬೆಳಿಗ್ಗೆ ಮುಖಪುಟದಲ್ಲೇ ಪಕ್ಷದ ಪೂರ್ಣ ಪುಟದ ಜಾಹೀರಾತು ಬರಬಹುದು, ಜಾಹೀರಾತು ಪರಿಶೀಲಿಸುವ ಮಾಧ್ಯಮ ಪ್ರಮಾಣೀಕರಣ ಸಮಿತಿಯ ಪೂರ್ವಾನುಮತಿ ಇದ್ದರಾಯಿತು. ಮುದ್ರಣ ಮತ್ತು ಸಾಮಾಜಿಕ ಜಾಲತಾಣಗಳನ್ನೂ ಈ ಸೆಕ್ಷನ್ನಿನ ಅಡಿ ತರಬೇಕೆಂದು ಆಯೋಗವೇ ರಚಿಸಿದ್ದ ಉಮೇಶ್ ಸಿನ್ಹಾ ಸಮಿತಿ 2019ರ ಜನವರಿಯಲ್ಲಿ ವರದಿ ಕೊಟ್ಟಿತು. ಆ ವರ್ಷದ ಚುನಾವಣೆಗೆ ಮುನ್ನ ಫೇಸ್‌ಬುಕ್, ಗೂಗಲ್, ಟ್ವಿಟರ್‌ಗಳು ಮೌನದ ಅವಧಿಯ ಉಲ್ಲಂಘನೆಯನ್ನು ಆಯೋಗ ತಿಳಿಸಿದ ಮೂರು ಗಂಟೆಯಲ್ಲಿ ತೆಗೆದುಹಾಕುವುದಾಗಿ ಒಪ್ಪಿದವು, ಅದೂ ಸ್ವಯಂಪ್ರೇರಿತ ಸಂಹಿತೆಯಷ್ಟೇ. ಆ ವರದಿಯ ನಂತರ ಇನ್ನೊಂದು ಲೋಕಸಭಾ ಚುನಾವಣೆಯೂ ಹಳೆಯ ಸೆಕ್ಷನ್ನಿನ ಅಡಿಯಲ್ಲೇ ಮುಗಿದುಹೋಯಿತು. ತಿದ್ದುಪಡಿ ತರಬೇಕಾದದ್ದು ಸಂಸತ್ತು, ಅದನ್ನು ಕೇಳಬೇಕಾದವರು ಕರ್ನಾಟಕದ 28 ಸಂಸದರೂ ಹೌದು.