ಬ್ಯಾಟರಿಗಿಂತ ಮೊದಲು ತಂತಿಯನ್ನು ನೋಡೋಣ

ಮಲೆನಾಡಿನ ಮನೆಗಳಲ್ಲಿ ಕಂಪ್ಯೂಟರಿನ ಪಕ್ಕದಲ್ಲಿ ಯುಪಿಎಸ್ ಇರುವುದು ಈಗ ವಿಶೇಷವೇನಲ್ಲ. ಅದರ ಬ್ಯಾಟರಿ ವರ್ಷ ಒಂದೂವರೆ ವರ್ಷದಲ್ಲಿ ಸಾಯುವುದೂ ವಿಶೇಷವಲ್ಲ. ಅಂಗಡಿಯವರು ಇನ್ನೂ ದೊಡ್ಡದನ್ನು ಹಾಕಿಸಿ ಎನ್ನುತ್ತಾರೆ, ನಾವು ಹಾಕಿಸುತ್ತೇವೆ. ರೋಗವು ತಂತಿಯಲ್ಲಿರಬಹುದೆಂಬ ಅನುಮಾನ ಬರುವುದು ವಿರಳ.

ಸಾಮಾನ್ಯ ಯುಪಿಎಸ್‌ನಲ್ಲಿರುವುದು 12 ವೋಲ್ಟ್, 7 ಆಂಪಿಯರ್-ಗಂಟೆಯ ಮುಚ್ಚಿದ ಸೀಸ-ಆಮ್ಲ ಬ್ಯಾಟರಿ. ಮಾಡುತ್ತಿರುವ ಕೆಲಸವನ್ನು ಉಳಿಸಿ ಯಂತ್ರವನ್ನು ಕ್ರಮವಾಗಿ ನಿಲ್ಲಿಸಲು ಹತ್ತು ಹದಿನೈದು ನಿಮಿಷ ಕೊಡುವುದಷ್ಟೇ ಅದರ ಉದ್ದೇಶ. ಆದರೆ ಲೈನಿನ ಕೊನೆಯ ಮನೆಯಲ್ಲಿ ಸಂಜೆ ಏಳರ ಹೊತ್ತಿಗೆ ವೋಲ್ಟೇಜ್ ಕುಸಿದಾಗ, ಕರೆಂಟು ಇದ್ದರೂ ಯುಪಿಎಸ್ 'ಟಿಕ್' ಎಂದು ಬ್ಯಾಟರಿಗೆ ಹೊರಳುತ್ತದೆ. ದಿನಕ್ಕೆ ಹತ್ತಾರು ಬಾರಿ ಹೀಗಾದರೆ ಬ್ಯಾಟರಿ ಪೂರ್ಣ ತುಂಬುವುದೇ ಇಲ್ಲ. ಅರೆಬರೆ ತುಂಬಿದ ಫಲಕಗಳ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟಿ, ಕ್ರಮೇಣ ಮರಳಿ ಕರಗದ ಸ್ಥಿತಿಗೆ ಬರುತ್ತದೆ. ಆಷಾಢದಲ್ಲಿ ಮರ ಬಿದ್ದು ವಾರಗಟ್ಟಲೆ ಕರೆಂಟಿಲ್ಲದಾಗ ಬರಿದಾದ ಬ್ಯಾಟರಿಯನ್ನು ಹಾಗೆಯೇ ಬಿಡುವುದು ಇನ್ನೂ ಕೆಟ್ಟದ್ದು. ಲೇಸರ್ ಪ್ರಿಂಟರನ್ನೂ ಯುಪಿಎಸ್‌ಗೇ ಜೋಡಿಸುವುದಂತೂ ಶುದ್ಧ ಅವಿವೇಕ.

ಹೊಸ ಬ್ಯಾಟರಿಗೆ ಹಣ ಕೊಡುವ ಮುನ್ನ ಒಂದು ಮಲ್ಟಿಮೀಟರ್ ಕೊಳ್ಳುವುದು ಮೇಲು. ಒಂದು ವಾರ ಕಾಲ ಬೆಳಿಗ್ಗೆ, ಸಂಜೆ, ಮಲಗುವ ಮುನ್ನ ವೋಲ್ಟೇಜನ್ನು ಬರೆದಿಡಬೇಕು. ಪಂಪು ಅಥವಾ ಮಿಕ್ಸಿ ಹಾಕಿದಾಗ ಮಾತ್ರ, ನಮ್ಮ ಮನೆಯಲ್ಲಿ ಮಾತ್ರ ಇಳಿಯುತ್ತದೆಯೇ? ಹಾಗಿದ್ದರೆ ಸರ್ವಿಸ್ ವೈರಿನ ಜೋಡಣೆ ತುಕ್ಕು ಹಿಡಿದಿರುವ ಸಂಭವ ಹೆಚ್ಚು. ನಮ್ಮ ಮಳೆಗೆ ತಾಮ್ರ-ಅಲ್ಯೂಮಿನಿಯಂ ಕೂಡಿಕೆ ಬಹಳ ಕಾಲ ಬಾಳದು. ಇಡೀ ಕೇರಿಯಲ್ಲೇ ಇಳಿದರೆ ಟ್ರಾನ್ಸ್‌ಫಾರ್ಮರ್ ದೂರವಿದೆ ಇಲ್ಲವೇ ಅದರ ಮೇಲೆ ಹೊರೆ ಹೆಚ್ಚಾಗಿದೆ. ಕೆಲವು ಮನೆಗಳ ದೀಪ ಮಂಕಾಗಿ ಉಳಿದವರ ದೀಪ ಝಗ್ಗನೆ ಉರಿದರೆ ನ್ಯೂಟ್ರಲ್ ಸಡಿಲವಾಗಿದೆ. ಆಗ ಮನೆಯೊಳಗೆ 300 ವೋಲ್ಟಿಗೂ ಮೀರಿ ಬರಬಹುದಾದ್ದರಿಂದ ಮೇನ್ ಸ್ವಿಚ್ ಇಳಿಸಿ ಲೈನ್‌ಮನ್‌ಗೆ ತಿಳಿಸಬೇಕು. ಕಂಬಕ್ಕೆ ನಾವೇ ಕೈಹಾಕಬಾರದು. ಅರ್ತಿಂಗ್ ಗುಂಡಿಯನ್ನೂ ಮರೆಯುವಂತಿಲ್ಲ. ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಒಣಗಿದಾಗ ಅದರ ವಿದ್ಯುತ್ ರೋಧ ಬಹಳವಾಗಿ ಏರುತ್ತದೆ. ಏಪ್ರಿಲ್-ಮೇ ತಿಂಗಳ ಸಿಡಿಲು ಬರುವುದೂ ಆಗಲೇ. ಗುಡುಗು ಕೇಳಿದೊಡನೆ ಪ್ಲಗ್ ಕೀಳುವುದು ಯಾವ ಯುಪಿಎಸ್‌ಗಿಂತಲೂ ಉತ್ತಮ ರಕ್ಷಣೆ.

ಪರಿಸರದ ಪತ್ರಿಕೆಯಲ್ಲಿ ಇದೇಕೆಂದು ಕೇಳಬಹುದು. ಬ್ಯಾಟರಿಯ ತೂಕದ ಅರ್ಧಕ್ಕಿಂತ ಹೆಚ್ಚು ಸೀಸ. ಗುಜರಿಯವನು ಅದನ್ನು ಒಡೆದು ಆಮ್ಲವನ್ನು ಚರಂಡಿಗೆ ಚೆಲ್ಲಿದರೆ, ಕರಗಿದ ಸೀಸವೂ ಅದರೊಡನೆ ಮಣ್ಣು ಸೇರುತ್ತದೆ. ಸೀಸ ಕೊಳೆಯುವ ವಸ್ತುವಲ್ಲ. ಮೇಲ್ಮಣ್ಣಿನಲ್ಲಿ ತಲೆಮಾರುಗಳ ಕಾಲ ನಿಲ್ಲುತ್ತದೆ. ಸುಣ್ಣದ ಅಂಶವಿರುವ ಮಣ್ಣು ಅದನ್ನು ಬಿಗಿಯಾಗಿ ಹಿಡಿದಿಡಬಲ್ಲದು. ಭಾರೀ ಮಳೆಯಿಂದ ಸುಣ್ಣ ತೊಳೆದುಹೋದ ನಮ್ಮ ಹುಳಿಮಣ್ಣಿನಲ್ಲಿ ಆ ಹಿಡಿತ ಸಡಿಲ. ಮಕ್ಕಳ ಮಿದುಳಿಗೆ ಅದು ಮಾಡುವ ಹಾನಿ ಸರಿಪಡಿಸಲಾಗದ್ದು. 2001ರ ಬ್ಯಾಟರಿ ನಿಯಮಗಳೂ ಅವುಗಳ ಸ್ಥಾನಕ್ಕೆ ಬಂದ 2022ರ ನಿಯಮಗಳೂ ಹಳೆಯ ಬ್ಯಾಟರಿಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಹಳೆಯದನ್ನು ಮಾರಿದವರಿಗೇ ಹಿಂದಿರುಗಿಸಿ ರಸೀದಿ ಕೇಳಬೇಕು.

ಇನ್ನೊಂದು ಮಾತು. ಜೋಗದ ವಿದ್ಯುದಾಗಾರ 1948ರಲ್ಲಿ, ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಬಂದವು. ನಾಡಿಗೆ ಬೆಳಕು ಕೊಟ್ಟ ಕಣಿವೆಯವರು ಸಂಜೆಯ ಮಂಕುದೀಪಕ್ಕೆ ಬ್ಯಾಟರಿ ಕೊಳ್ಳಬೇಕಾಗಿದೆ. ಅದೇ ಶರಾವತಿಯಲ್ಲಿ ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2000 ಮೆಗಾವ್ಯಾಟ್‌ನ ಭೂಗತ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾಪವಿದೆ. ಸಿಂಗಳೀಕಗಳ ಕಾಡಿನಲ್ಲಿ ಹೂಡುವ ದೊಡ್ಡ ಬ್ಯಾಟರಿಯೇ ಅದು. ನೀರನ್ನು ಮೇಲೆತ್ತಿ ಮರಳಿ ಪಡೆಯುವಷ್ಟರಲ್ಲಿ ಹಾಕಿದ ವಿದ್ಯುತ್ತಿನ ಐದನೆಯ ಒಂದು ಭಾಗವಾದರೂ ನಷ್ಟವಾಗುತ್ತದೆ. ಕಾಡನ್ನು ಅಗೆಯುವ ಮೊದಲು, ಇರುವ ವಿದ್ಯುತ್ತು ದುರ್ಬಲ ತಂತಿಗಳಲ್ಲಿ ಎಷ್ಟು ಸೋರುತ್ತಿದೆ ಎಂಬ ಲೆಕ್ಕವನ್ನು ನಮ್ಮ ಮುಂದಿಡಲಿ.

ಮನೆಗೆ 230 ವೋಲ್ಟ್, ಅತ್ತಿತ್ತ ಶೇಕಡಾ 6ಕ್ಕಿಂತ ಹೆಚ್ಚು ಏರಿಳಿಯಬಾರದೆಂದು 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲಿಯೇ ಹೇಳಿತ್ತು. ಎಂದರೆ 216ಕ್ಕಿಂತ ಕೆಳಗಿಳಿಯುವಂತಿಲ್ಲ. ವಾರದ ಅಂಕಿಗಳನ್ನು ಕೇರಿಯ ನಾಲ್ಕಾರು ಮನೆಯವರು ಒಟ್ಟಾಗಿ ಬರೆದು, ಸೆಕ್ಷನ್ ಆಫೀಸಿಗೆ ಲಿಖಿತ ದೂರು ಕೊಟ್ಟು, ಸ್ವೀಕೃತಿ ಪಡೆಯಬೇಕು. ಆ ಪ್ರತಿಯೊಂದನ್ನು ನಮ್ಮ ಬಳಗಕ್ಕೂ ಕಳುಹಿಸಿದರೆ ತಾಲ್ಲೂಕುವಾರು ಪಟ್ಟಿ ಮಾಡಿ ವಿದ್ಯುತ್ ನಿಯಂತ್ರಣ ಆಯೋಗದ ಮುಂದಿಡಬಹುದು.