ನಾಲ್ಕು ಪುಟದ ಸೈಟಿಗೆ ರಿಯಾಕ್ಟ್ ಯಾಕೆ ಗುರು?

ಸೆಕೆಂಡ್ ಇಯರ್‌ಗೆ ಬರುತ್ತಿದ್ದ ಹಾಗೆ ಎಲ್ಲರಿಗೂ ಒಂದು ವೆಬ್‌ಸೈಟ್ ಬೇಕಾಗತ್ತೆ. ಒಬ್ಬರಿಗೆ ರೆಸ್ಯೂಮೆಯಲ್ಲಿ ಲಿಂಕ್ ಹಾಕೋಕೆ, ಇನ್ನೊಬ್ಬರಿಗೆ ಫೆಸ್ಟ್‌ಗೆ, ಮತ್ತೊಬ್ಬರಿಗೆ ಚಿಕ್ಕಪ್ಪನ ಬೇಕರಿಗೆ. ಸೈಟಲ್ಲಿ ಏನಿರಬೇಕು ಅಂತ ಕೇಳಿದರೆ ಎಲ್ಲರ ಉತ್ತರವೂ ಹೆಚ್ಚುಕಡಿಮೆ ಒಂದೇ: ನಾಲ್ಕು ಪುಟ, ಒಂದಷ್ಟು ಫೋಟೋ, ಫೋನ್ ನಂಬರ್. ಆದರೆ ಅದನ್ನ ಯಾವುದರಲ್ಲಿ ಮಾಡೋದು ಅಂತ ಹಾಸ್ಟೆಲ್‌ನಲ್ಲಿ ಕೇಳಿ ನೋಡಿ. ರಿಯಾಕ್ಟ್ ಕಲಿ ಅಂತಾನೆ ಒಬ್ಬ. ಟೇಲ್‌ವಿಂಡ್ ಇಲ್ಲದೆ ಈಗ ಯಾರೂ ಮಾಡಲ್ಲ ಅಂತಾನೆ ಇನ್ನೊಬ್ಬ. ಸೀದಾ ನೆಕ್ಸ್ಟ್ ಜೆಎಸ್‌ಗೆ ಹೋಗ್ಬಿಡು ಮಗಾ ಅಂತಾನೆ ಮೂರನೆಯವನು. ಎರಡು ವಾರ ಟ್ಯುಟೋರಿಯಲ್ ನೋಡೋ ಹೊತ್ತಿಗೆ ಇಂಟರ್ನಲ್ಸ್ ಬರತ್ತೆ, ಸೈಟ್ ಅಲ್ಲೇ ನಿಲ್ಲತ್ತೆ.

ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ. ಮೊದಲನೇ ಸೈಟನ್ನ ಬರೀ ಎಚ್‌ಟಿಎಂಎಲ್ ಮತ್ತು ಸಿಎಸ್‌ಎಸ್‌ನಲ್ಲಿ ಕೈಯಾರೆ ಬರೀಬೇಕು. ಬೇಕಾಗಿರೋದು ವಿಎಸ್ ಕೋಡ್ ಥರದ ಒಂದು ಎಡಿಟರ್, ಒಂದು ಬ್ರೌಸರ್, ಆಮೇಲೆ ಗಿಟ್‌ಹಬ್ ಪೇಜಸ್. ಪಬ್ಲಿಕ್ ರೆಪೊ ಇದ್ದರೆ ಅದಕ್ಕೆ ದುಡ್ಡಿಲ್ಲ, 1 ಜಿಬಿವರೆಗಿನ ಸೈಟ್ ಇಡಬಹುದು. ಬೇಕರಿಗೆ ಇನ್ನೇನು ಬೇಕು?

ರಿಯಾಕ್ಟ್ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಫೇಸ್‌ಬುಕ್‌ನವರು 2013ರಲ್ಲಿ ಅದನ್ನ ಓಪನ್ ಸೋರ್ಸ್ ಮಾಡಿದರು. ಲೈಕ್, ಕಾಮೆಂಟ್, ಚಾಟ್ ಅಂತ ಸ್ಕ್ರೀನ್ ಮೇಲಿನ ಮಾಹಿತಿ ಕ್ಷಣಕ್ಷಣಕ್ಕೂ ಬದಲಾಗೋ ಕಡೆ ಅದು ನಿಜವಾಗಲೂ ಉಪಯೋಗಕ್ಕೆ ಬರತ್ತೆ. ಬೇಕರಿ ವಿಳಾಸ ಕ್ಷಣಕ್ಷಣಕ್ಕೂ ಬದಲಾಗಲ್ಲ. ಅಷ್ಟೇ ನನ್ನ ತಕರಾರು. ಜೊತೆಗೆ ಈ ಟೂಲ್‌ಗಳ ಆಯಸ್ಸು ನೋಡಿ. ನಮ್ಮ ಸೀನಿಯರ್‌ಗಳು ಕಲಿತ ಎಷ್ಟೋ ಟ್ಯುಟೋರಿಯಲ್‌ಗಳು 'ಕ್ರಿಯೇಟ್ ರಿಯಾಕ್ಟ್ ಆಪ್' ಅನ್ನೋ ಕಮಾಂಡಿನಿಂದ ಶುರುವಾಗ್ತಿದ್ದವು. ಹೊಸ ಆಪ್‌ಗಳಿಗೆ ಅದನ್ನ ಬಳಸಬೇಡಿ ಅಂತ ರಿಯಾಕ್ಟ್ ತಂಡವೇ 2025ರ ಫೆಬ್ರವರಿಯಲ್ಲಿ ಹೇಳಿತು. ಅದೇ ಟಿಮ್ ಬರ್ನರ್ಸ್-ಲೀ ಸರ್ನ್‌ನಲ್ಲಿದ್ದಾಗ ಮಾಡಿದ ಮೊದಲ ವೆಬ್‌ಸೈಟಿನ 1992ರ ಪ್ರತಿ ಸರ್ನ್ ತಾಣದಲ್ಲಿ ಈಗಲೂ ಇದೆ. ನಿಮ್ಮ ಫೋನಲ್ಲಿ ತೆಗೆದರೂ ಓದಬಹುದು. ಅದು ನಾವು ಹುಟ್ಟೋಕೆ ಎಷ್ಟೋ ವರ್ಷ ಮುಂಚಿನ ಎಚ್‌ಟಿಎಂಎಲ್.

ಕಾಲೇಜಿನಲ್ಲಿ ಈ ಆಯಸ್ಸಿನ ಪ್ರಶ್ನೆ ತುಂಬ ದೊಡ್ಡದು, ಯಾಕಂದ್ರೆ ಇಲ್ಲಿ ಯಾರೂ ನಾಲ್ಕು ವರ್ಷಕ್ಕಿಂತ ಜಾಸ್ತಿ ಇರಲ್ಲ. (ಬ್ಯಾಕ್ ಲಾಗ್ ಇರೋರು ಕ್ಷಮಿಸಿ.) ಸೈಟ್ ಮಾಡಿದ ಸೀನಿಯರ್ ಪ್ಲೇಸ್ ಆಗಿ ಹೋಗ್ತಾರೆ. ಪಾಸ್‌ವರ್ಡ್ ಅವರ ಹತ್ರ ಇರತ್ತೆ. ಕೋಡ್ ಸಿಕ್ಕರೂ ಎರಡು ವರ್ಷದ ಹಳೇ ಪ್ಯಾಕೇಜುಗಳು ಒಂದಕ್ಕೊಂದು ಜಗಳ ಆಡ್ತಾ ಬಿಲ್ಡ್ ಆಗಲ್ಲ ಅಂತ ಕೂರ್ತವೆ. ಜೂನಿಯರ್ ಪಾಪ ಹೊಸದಾಗಿ ಶುರು ಮಾಡ್ತಾನೆ, ಹಳೇ ಲೇಖನ, ಹಳೇ ಫೋಟೋ ಎಲ್ಲ ಹೋಯ್ತು. ಸಾದಾ ಎಚ್‌ಟಿಎಂಎಲ್ ಫೈಲ್ ಆದರೆ ಒಂದು ಪೆನ್‌ಡ್ರೈವಿನಲ್ಲಿ ಕೊಟ್ಟು ಹೋಗಬಹುದು. ಡಬಲ್ ಕ್ಲಿಕ್ ಮಾಡಿದರೆ ತೆರೆಯತ್ತೆ. ಎಳೆದು ಇಟ್ಟು ಸೈಟ್ ಕಟ್ಟೋ ರೆಡಿಮೇಡ್ ಬಿಲ್ಡರ್‌ಗಳನ್ನ ನಾನು ಅಷ್ಟಾಗಿ ಒಪ್ಪದೇ ಇರೋದೂ ಇದಕ್ಕೇ. ಮೊದಲ ದಿನ ಸಲೀಸು, ನಿಜ. ಆದರೆ ಅವುಗಳಲ್ಲಿ ಹಲವು, ಮಾಡಿದ ಸೈಟನ್ನ ಪೂರ್ತಿ ಬಿಚ್ಚಿಕೊಂಡು ಬೇರೆ ಕಡೆ ಹೋಗೋಕೆ ಬಿಡಲ್ಲ.

ಇನ್ನು ಕನ್ನಡದ ಸೈಟ್. ಇದರ ಬಗ್ಗೆ ಯಾವ ಟ್ಯುಟೋರಿಯಲ್ಲೂ ಹೇಳಲ್ಲ, ಅದಕ್ಕೇ ಸ್ವಲ್ಪ ಜಾಸ್ತಿ ಬರೀತೀನಿ. (ಒಂದನೇ ಕ್ಲಾಸಿಂದ ಇಂಗ್ಲಿಷ್ ಮೀಡಿಯಂ ನಾನು, 'ಟ್ಯಾಗ್'ಗೆ ಕನ್ನಡ ಪದ ಹುಡುಕೋಕೆ ಹೋಗಿಲ್ಲ.) ಪುಟದ ತಲೆಯಲ್ಲಿ ಕ್ಯಾರ್‌ಸೆಟ್ ಯುಟಿಎಫ್-8 ಅಂತ ಒಂದು ಸಾಲು ಹಾಕಲೇಬೇಕು. ಬಿಟ್ಟರೆ ಬ್ರೌಸರ್ ಬೇರೆ ಏನೋ ಊಹಿಸಿಕೊಂಡು 'ಕ' ಇರಬೇಕಾದ ಜಾಗದಲ್ಲಿ ಮೂರು ವಿಚಿತ್ರ ಚಿಹ್ನೆ ತೋರಿಸಬಹುದು, ಏಕೆಂದರೆ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್. ಹಾಗಂತ ಭಾರ ಆಗತ್ತೆ ಅಂದ್ಕೋಬೇಡಿ, ಈ ಲೇಖನ ಇಡೀ 20 ಕೆಬಿ ಆಸುಪಾಸು. ಫೋನಲ್ಲಿ ತೆಗೆದು ಹಾಗೇ ಹಾಕಿದ ಒಂದು ಫೋಟೋ ಅದರ ನೂರು ಪಟ್ಟು ದಾಟತ್ತೆ. ಹಾಸ್ಟೆಲ್ ವೈಫೈ ಮೇಲೆ ಕರುಣೆ ಇದ್ದರೆ ಫೋಟೋ ಚಿಕ್ಕದು ಮಾಡಿ ಹಾಕಿ.

ಎರಡನೆಯದು, ಭಾಷೆ ಕನ್ನಡ ಅಂತ ಲ್ಯಾಂಗ್ ಆಟ್ರಿಬ್ಯೂಟಿನಲ್ಲಿ ಬರೆಯೋದು. ಕಣ್ಣು ಕಾಣದವರ ಸ್ಕ್ರೀನ್ ರೀಡರ್‌ಗೆ ಯಾವ ದನಿಯಲ್ಲಿ ಓದಬೇಕು ಅಂತ ಗೊತ್ತಾಗೋದು ಇದರಿಂದ. ಮೂರನೆಯದು ಸಾಲುಗಳ ನಡುವಿನ ಜಾಗ. ಬೂಟ್‌ಸ್ಟ್ರ್ಯಾಪ್‌ನಲ್ಲಿ ಹೆಡಿಂಗ್‌ಗಳಿಗೆ ಲೈನ್ ಹೈಟ್ 1.2 ಇರತ್ತೆ. ಇಂಗ್ಲಿಷಿಗೆ ಸರಿ. ನಮಗೆ ಕೆಳಗೆ ಒತ್ತಕ್ಷರ, ಮೇಲೆ ಗುಣಿತ. 'ರಾಷ್ಟ್ರಕೂಟ' ಅಂತ ಹೆಡಿಂಗ್ ಎರಡು ಸಾಲಾದರೆ ಮೇಲಿನ ಒತ್ತು ಕೆಳಗಿನ ಗುಡಿಸಿಗೆ ಹೋಗಿ ಬಡಿಯತ್ತೆ. 1.6 ಕೊಟ್ಟು ನೋಡಿ. ನೋಟೋ ಸಾನ್ಸ್ ಕನ್ನಡ, ಅನೇಕ್ ಕನ್ನಡ, ತಲೆಬರಹಕ್ಕೆ ಬಲೂ ತಮ್ಮ, ಎಲ್ಲ ಗೂಗಲ್ ಫಾಂಟ್ಸ್‌ನಲ್ಲಿ ಪುಕ್ಕಟೆ ಸಿಗತ್ತೆ. ದಯವಿಟ್ಟು ಕವಿತೆನ ಚಿತ್ರ ಮಾಡಿ ಅಂಟಿಸಬೇಡಿ. ಆ ಅಕ್ಷರಗಳನ್ನ ಕಾಪಿ ಮಾಡೋಕೂ ಕಷ್ಟ, ಫೋನಲ್ಲಿ ದೊಡ್ಡದು ಮಾಡಿದರೆ ಮಬ್ಬು.

ವರ್ಡ್‌ಪ್ರೆಸ್? ಕೋಡ್ ಬರದ ಐದಾರು ಜನ ಪ್ರತಿ ವಾರ ಬರೆದು ಹಾಕಬೇಕು ಅಂದ್ರೆ ಅದೇ ಸರಿ, ನಾನೇ ಹೇಳ್ತೀನಿ. ಆದರೆ ಡೇಟಾಬೇಸ್ ಇರತ್ತೆ, ಪ್ಲಗಿನ್ ಅಪ್‌ಡೇಟ್ ಮಾಡ್ತಾ ಇರೋಕೆ ಒಬ್ಬ ಬೇಕು. ಆ ಒಬ್ಬ ಯಾರು ಅಂತ ಮೊದಲೇ ಹೆಸರು ಬರ್ಕೊಳ್ಳಿ. ರಿಜಿಸ್ಟ್ರೇಷನ್ ಫಾರ್ಮ್ ಒಂದೇ ಸಮಸ್ಯೆ ಆದರೆ ಗೂಗಲ್ ಫಾರ್ಮ್ ಲಿಂಕ್ ಸಾಕು. ಚಾಟ್‌ಜಿಪಿಟಿಗೆ ಹೇಳಿದರೆ ಎಲ್ಲ ಮಾಡಿಕೊಡತ್ತಲ್ಲ ಅಂತೀರ. ಮಾಡಿಕೊಡಲಿ. ಲೈಬ್ರರಿ ಬೇಡ, ಸಾದಾ ಎಚ್‌ಟಿಎಂಎಲ್ ಕೊಡು ಅಂತ ಕೇಳಿ. ಆಗ ಅದು ಕೊಟ್ಟಿದ್ದನ್ನ ನೀವು ಸಾಲು ಸಾಲಾಗಿ ಓದಬಹುದು, ಇಂಟರ್ವ್ಯೂನಲ್ಲಿ ಈ ಸಾಲು ಯಾಕೆ ಅಂತ ಕೇಳಿದರೆ ಬಾಯಿ ಬಿಡಬಹುದು.

ಕೈ ಪಳಗಿಸೋಕೆ ಏನು ಮಾಡಲಿ ಅನ್ನೋರಿಗೆ ನಮ್ಮ ಹತ್ರ ಕೆಲಸ ಇದೆ. ಸಂಘದ ಹಳೇ ಸಂಚಿಕೆಗಳು ಯೂನಿಕೋಡ್ ಅಲ್ಲದ ನುಡಿ ಫಾಂಟ್‌ನಲ್ಲಿ ಕೂತಿವೆ, ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆಗೆದರೆ ಬರೀ ಇಂಗ್ಲಿಷ್ ಅಕ್ಷರಗಳ ಕಸ. ಕನ್ವರ್ಟರ್‌ಗಳಿವೆ, ಆದರೆ ಅರ್ಕಾವತ್ತು, ಒತ್ತಕ್ಷರ ಬಂದ ಕಡೆ ಕೆಲವೊಮ್ಮೆ ಎಡವಟ್ಟಾಗತ್ತೆ, ಒಬ್ಬರು ಕೂತು ಓದಲೇಬೇಕು. ಒಂದು ಕಥೆ, ಒಂದು ಎಚ್‌ಟಿಎಂಎಲ್ ಪುಟ. ಬೇಕಾದವರು ಶನಿವಾರ ಲ್ಯಾಬ್ ಮುಗಿದ ಮೇಲೆ ಸಂಘದ ರೂಮಿಗೆ ಬನ್ನಿ, ಲ್ಯಾಪ್‌ಟಾಪ್ ಚಾರ್ಜರ್ ತನ್ನಿ, ಅಲ್ಲಿ ಇರೋದು ಎರಡೇ ಪ್ಲಗ್ ಪಾಯಿಂಟ್.