ಹಳೆಯ ಮಾರುತಿ 800ರ ಗೇರ್‌ಬಾಕ್ಸ್‌ನಿಂದ ಆಯಿಲ್ ಸೋರುತ್ತಿದೆಯೇ? ಬಾಟಲಿ ಸುರಿಯುವ ಮುನ್ನ ಇದನ್ನು ಓದಿ

“ಗೇರ್‌ಬಾಕ್ಸ್ ಸೋರುತ್ತಿದೆಯಾ? ಮೆಕ್ಯಾನಿಕ್‌ಗೆ ಸಾವಿರಾರು ರೂಪಾಯಿ ಕೊಡಬೇಡಿ. ಈ ಒಂದು ಬಾಟಲಿ ಸುರಿಯಿರಿ, ಸೋರಿಕೆ ಬಂದ್! ಹಳೇ ಕಾರು ಇರುವವರಿಗೆಲ್ಲ ಕಳುಹಿಸಿ.”

ಇಂಥದ್ದೊಂದು ಸಂದೇಶವನ್ನು ಓದುಗರೊಬ್ಬರು ನಮಗೆ ಕಳುಹಿಸಿದ್ದರು. ಜೊತೆಗೆ ಒಂದು ಪ್ರಶ್ನೆಯೂ ಇತ್ತು: “ಅಪ್ಪ ಕೊಂಡ 800 ಇದು. ಮಾರಲು ಮನಸ್ಸಿಲ್ಲ. ಗೇರ್‌ಬಾಕ್ಸ್ ಇಳಿಸಲು ಈಗ ದುಡ್ಡೂ ಇಲ್ಲ. ಇದನ್ನು ಹಾಕಿ ನೋಡಬಹುದೇ?”

ಸಂದೇಶದಲ್ಲಿರುವುದು ಪೂರ್ತಿ ಸುಳ್ಳಲ್ಲ. ಆದರೆ ಆಯಿಲ್ ಎಲ್ಲಿಂದ ಸೋರುತ್ತಿದೆ ಎಂದು ಕೇಳುವ ಮೊದಲೇ ಅದು ಮದ್ದು ಕೊಡುತ್ತದೆ. ಎಡವಟ್ಟು ಇರುವುದು ಅಲ್ಲೇ.

ಗೇರ್‌ಬಾಕ್ಸ್‌ಗೆ ಎಚ್ಚರಿಕೆ ದೀಪ ಇಲ್ಲ

ಮಾರುತಿ 800 ರಸ್ತೆಗಿಳಿದದ್ದು 1983ರ ಡಿಸೆಂಬರ್‌ನಲ್ಲಿ. ತಯಾರಿಕೆ ನಿಂತದ್ದು 2014ರಲ್ಲಿ. ಈ ಅವಧಿಯಲ್ಲಿ ದೇಶದಲ್ಲಿ 25 ಲಕ್ಷಕ್ಕೂ ಹೆಚ್ಚು ಕಾರುಗಳು ಮಾರಾಟವಾದವು. ಅದಕ್ಕೆ ಮೊದಲು ನಮ್ಮ ರಸ್ತೆಗಳಲ್ಲಿ ಹೆಚ್ಚಾಗಿದ್ದ ಅಂಬಾಸಿಡರ್ ಮತ್ತು ಪದ್ಮಿನಿಯಲ್ಲಿ ಇಂಜಿನ್ನಿನ ಬಲ ಹಿಂದಿನ ಚಕ್ರಗಳಿಗೆ ಹೋಗುತ್ತಿತ್ತು. ಗೇರ್‌ಬಾಕ್ಸ್ ಮುಂದೆ, ಡಿಫರೆನ್ಷಿಯಲ್ ಹಿಂದೆ, ಎರಡಕ್ಕೂ ಬೇರೆ ಬೇರೆ ಆಯಿಲ್. 800ರಲ್ಲಿ ಮುಂದಿನ ಚಕ್ರಗಳೇ ಕಾರನ್ನು ಎಳೆಯುತ್ತವೆ. ಗೇರುಗಳೂ ಡಿಫರೆನ್ಷಿಯಲ್ಲೂ ಒಂದೇ ಪೆಟ್ಟಿಗೆಯಲ್ಲಿ, ಒಂದೇ ಆಯಿಲ್‌ನಲ್ಲಿ ತಿರುಗುತ್ತವೆ. ಆದ್ದರಿಂದ ಆಯಿಲ್ ಇಳಿದರೆ ಎರಡಕ್ಕೂ ಪೆಟ್ಟು.

ಇಂಜಿನ್ ಆಯಿಲ್‌ನ ಒತ್ತಡ ಕುಸಿದರೆ ಡ್ಯಾಶ್‌ಬೋರ್ಡ್‌ನಲ್ಲಿ ಕೆಂಪು ದೀಪ ಹತ್ತಿಕೊಳ್ಳುತ್ತದೆ. ಗೇರ್‌ಬಾಕ್ಸ್‌ಗೆ ಅಂಥ ದೀಪವಿಲ್ಲ. ಆಯಿಲ್ ಕಡಿಮೆಯಾದಾಗ ಬೇರಿಂಗ್‌ಗಳು ಬಿಸಿಯಾಗಿ ಸವೆಯುತ್ತವೆ, ಆಮೇಲೆ ಗೊರಗೊರ ಸದ್ದು ಶುರುವಾಗುತ್ತದೆ. ಸದ್ದು ಕಿವಿಗೆ ಬೀಳುವ ಹೊತ್ತಿಗೆ ಹಾನಿ ಆಗಿಹೋಗಿರುತ್ತದೆ. ತೀರಾ ಕೆಟ್ಟ ಸಂದರ್ಭದಲ್ಲಿ ಓಡುತ್ತಿರುವ ಕಾರಿನ ಗೇರ್‌ಬಾಕ್ಸ್ ಜಾಮ್ ಆಗಿ ಚಕ್ರಗಳೇ ಕಚ್ಚಿಕೊಳ್ಳಬಹುದು. “ಹಳೇ ಗಾಡಿ ಅಂದ್ಮೇಲೆ ಸೋರೋದು ಸಹಜ, ಬಿಟ್ಟಾಕಿ” ಎಂಬ ಮಾತನ್ನು ನಾವು ಒಪ್ಪದಿರಲು ಇದೇ ಕಾರಣ.

ಸೋರುವುದು ಎಲ್ಲಿಂದ?

ತಿರುಗುವ ಶಾಫ್ಟ್ ಗೇರ್‌ಬಾಕ್ಸ್‌ನಿಂದ ಹೊರಬರುವ ಜಾಗದಲ್ಲಿ ಒಂದು ರಬ್ಬರ್ ಉಂಗುರ ಇರುತ್ತದೆ. ಇದೇ ಆಯಿಲ್ ಸೀಲ್. ಅದರ ತೆಳುವಾದ ತುಟಿ ಶಾಫ್ಟನ್ನು ಮೃದುವಾಗಿ ಒತ್ತಿ ಹಿಡಿದಿರುತ್ತದೆ. ಹಿಡಿತ ಬಿಗಿಯಾಗಿರಲಿ ಎಂದು ತುಟಿಯ ಸುತ್ತ ಒಂದು ಸಣ್ಣ ಸ್ಪ್ರಿಂಗ್ ಇರುತ್ತದೆ. ವರ್ಷಗಳ ಬಿಸಿಗೆ ರಬ್ಬರ್ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಹೆಚ್ಚು ಓಡದೆ ನಿಂತೇ ಇರುವ ಕಾರಿನಲ್ಲೂ ಸೀಲ್‌ಗೆ ವಯಸ್ಸಾಗುತ್ತದೆ.

800ರಲ್ಲಿ ಸಾಮಾನ್ಯವಾಗಿ ನೋಡಬೇಕಾದ ಜಾಗಗಳು ಇವು: ಎಡ ಮತ್ತು ಬಲ ಡ್ರೈವ್ ಶಾಫ್ಟ್‌ಗಳ ಸೀಲ್, ಗೇರ್ ಬದಲಿಸುವ ಶಾಫ್ಟ್‌ನ ಸೀಲ್, ಡ್ರೈನ್ ಪ್ಲಗ್, ಗೇರ್‌ಬಾಕ್ಸ್‌ನ ಎರಡು ಹೋಳುಗಳು ಕೂಡುವ ಅಂಚು, ಮತ್ತು ಕ್ಲಚ್ ಬದಿಯ ಇನ್‌ಪುಟ್ ಶಾಫ್ಟ್ ಸೀಲ್.

ಇನ್ನೊಂದು ಜಾಗವನ್ನು ಬಹಳ ಜನ ಮರೆಯುತ್ತಾರೆ. ಅದು ಬ್ರೀದರ್, ಅಂದರೆ ಗೇರ್‌ಬಾಕ್ಸ್ ಉಸಿರಾಡುವ ಸಣ್ಣ ರಂಧ್ರ. 30 ಡಿಗ್ರಿಯಲ್ಲಿದ್ದ ಒಳಗಿನ ಗಾಳಿ 90 ಡಿಗ್ರಿಗೆ ಬಿಸಿಯಾದರೆ, ಹೊರಹೋಗಲು ದಾರಿಯಿಲ್ಲದಿದ್ದಾಗ ಒತ್ತಡ ಸುಮಾರು ಶೇ. 20ರಷ್ಟು ಏರುತ್ತದೆ. ಬ್ರೀದರ್‌ನಲ್ಲಿ ಕೆಸರು ಕಟ್ಟಿಕೊಂಡಿದ್ದರೆ ಆ ಒತ್ತಡ ಚೆನ್ನಾಗಿರುವ ಸೀಲ್‌ನಿಂದಲೂ ಆಯಿಲನ್ನು ಹೊರದಬ್ಬಬಹುದು. ಹಾಗಾಗಿದ್ದರೆ ರಂಧ್ರ ಸ್ವಚ್ಛ ಮಾಡುವುದೇ ರಿಪೇರಿ.

ನೀವೇ ಪತ್ತೆ ಮಾಡುವುದು ಹೇಗೆ?

ರಾತ್ರಿ ಕಾರಿನ ಕೆಳಗೆ ಬಿಳಿ ರಟ್ಟು ಹಾಸಿ. ಬೆಳಿಗ್ಗೆ ಕಲೆ ಎಲ್ಲಿದೆ, ಹೇಗಿದೆ ನೋಡಿ. ಗೇರ್ ಆಯಿಲ್ ಮಂದವಾಗಿರುತ್ತದೆ, ಗಂಧಕದ ಘಾಟು ಇರುತ್ತದೆ. ಇಂಜಿನ್ ಆಯಿಲ್ ಸಾಮಾನ್ಯವಾಗಿ ಕಪ್ಪಗಿರುತ್ತದೆ, ಆ ಘಾಟು ಇರುವುದಿಲ್ಲ. ಬರೀ ನೀರಾದರೆ ಅದು ಎಸಿಯದ್ದಿರಬಹುದು.

ಆದರೆ ಹನಿ ಬಿದ್ದ ಜಾಗವೇ ಸೋರಿದ ಜಾಗ ಎಂದುಕೊಳ್ಳಬೇಡಿ. ಕಾರು ಓಡುವಾಗ ಗಾಳಿ ಆಯಿಲನ್ನು ಹಿಂದಕ್ಕೆ ತಳ್ಳುತ್ತದೆ. ಅದಕ್ಕೇ ಮೆಕ್ಯಾನಿಕ್ ಬಳಿ ಮೊದಲು ಗೇರ್‌ಬಾಕ್ಸನ್ನು ತೊಳೆಸಿ, ಒಣಗಿಸಿ, ಸ್ವಲ್ಪ ಟಾಲ್ಕಮ್ ಪೌಡರ್ ಉದುರಿಸಲು ಹೇಳಿ. ಕೆಲವು ಕಿಲೋಮೀಟರ್ ಓಡಿಸಿ ಬಂದರೆ ಪೌಡರ್ ಮೊದಲು ಒದ್ದೆಯಾದ ಜಾಗ ತಾನಾಗಿಯೇ ಕಾಣುತ್ತದೆ.

ಒಂದು ಎಚ್ಚರಿಕೆ: ಬರೀ ಜ್ಯಾಕ್ ಮೇಲೆ ನಿಂತಿರುವ ಕಾರಿನ ಕೆಳಗೆ ಯಾವ ಕಾರಣಕ್ಕೂ ಮಲಗಬೇಡಿ. ಜ್ಯಾಕ್ ಜಾರಿದರೆ ಪ್ರಾಣವೇ ಹೋಗಬಹುದು.

ಫಾರ್ವರ್ಡ್‌ಗಳಲ್ಲಿ ಹೇಳುವ ಉಪಾಯಗಳು

*“ಲೀಕ್-ಸ್ಟಾಪ್ ಬಾಟಲಿ ಸುರಿದರೆ ಸಾಕು.”* ಇಂಥ ದ್ರವಗಳಲ್ಲಿ ರಬ್ಬರನ್ನು ಮೆತ್ತಗೆ ಮಾಡಿ ಕೊಂಚ ಉಬ್ಬಿಸುವ ರಾಸಾಯನಿಕ ಇರುತ್ತದೆ. ಗಟ್ಟಿಯಾದ ಸೀಲ್‌ನಿಂದ ಸಣ್ಣಗೆ ಜಿನುಗುತ್ತಿದ್ದರೆ ಸ್ವಲ್ಪ ಕಾಲ ಕಡಿಮೆಯಾಗಬಹುದು. ಹರಿದ ಸೀಲ್, ಸವೆದ ಶಾಫ್ಟ್, ಸಡಿಲ ಪ್ಲಗ್, ಮುಚ್ಚಿದ ಬ್ರೀದರ್, ಇವು ಯಾವುದನ್ನೂ ಅದು ಸರಿ ಮಾಡದು.

*“ಹೊರಗಿನಿಂದ ಎಪಾಕ್ಸಿ ಅಂಟು ಮೆತ್ತಿ.”* ತಿರುಗುವ ಶಾಫ್ಟ್‌ನ ಸುತ್ತ ಅಂಟು ನಿಲ್ಲುವುದಿಲ್ಲ. ಆಯಿಲ್ ಜಿಡ್ಡಿನ ಮೇಲಂತೂ ಹಿಡಿಯುವುದೇ ಇಲ್ಲ.

*“ದಪ್ಪ ಆಯಿಲ್ ಹಾಕಿ.”* ಸೋರಿಕೆ ನಿಧಾನವಾಗಬಹುದು. ಆದರೆ ಬೆಳಗಿನ ಚಳಿಯಲ್ಲಿ ಗೇರ್ ಬೀಳುವುದು ಕಷ್ಟವಾಗುತ್ತದೆ. ದಪ್ಪ ಆಯಿಲ್ ಸವೆದ ಗೇರ್‌ಗಳ ಸದ್ದನ್ನೂ ಅಡಗಿಸುತ್ತದೆ. ಗೇರ್‌ಬಾಕ್ಸ್ ಸದ್ದು ಮುಚ್ಚಿಡುವುದು ಹಳೆಯ ಕಾರು ಮಾರುವವರ ಹಳೆಯ ತಂತ್ರ. ರೋಆಲ್ಡ್ ಡಾಲ್ ಅವರ 1988ರ ಮಕ್ಕಳ ಕಾದಂಬರಿ ‘ಮಟಿಲ್ಡಾ’ದಲ್ಲಿ ಹುಡುಗಿಯ ಅಪ್ಪ ಇದೇ ಉದ್ದೇಶಕ್ಕೆ ಮರದ ಹೊಟ್ಟು ಬೆರೆಸುತ್ತಾನೆ.

*“ಜಿಎಲ್-4ಕ್ಕಿಂತ ಜಿಎಲ್-5 ಒಳ್ಳೆಯದು.”* ಸಂಖ್ಯೆ ದೊಡ್ಡದಾದ ಮಾತ್ರಕ್ಕೆ ಆಯಿಲ್ ಉತ್ತಮವಲ್ಲ. ಜಿಎಲ್-5ರಲ್ಲಿ ಗಂಧಕ, ರಂಜಕದ ಅಂಶ ಹೆಚ್ಚು. ಗೇರ್ ಸರಾಗವಾಗಿ ಬೀಳಲು ನೆರವಾಗುವ ಹಿತ್ತಾಳೆಯ ಸಿಂಕ್ರೊ ಉಂಗುರಗಳಿಗೆ ಅದು ಒಗ್ಗದಿರಬಹುದು. ನಿಮ್ಮ ಮಾಡೆಲ್‌ನ ಕೈಪಿಡಿ ಹೇಳುವ ಆಯಿಲನ್ನೇ ಹಾಕಿ.

*“ವಿದೇಶಿ ವಿಡಿಯೋದಲ್ಲಿ ಇಂಜಿನ್ ಆಯಿಲನ್ನೇ ಹಾಕಿದ್ದಾರೆ.”* ಅದೂ ನಿಜವಿರಬಹುದು, ಆದರೆ ಬೇರೆ ಕಾರಿಗೆ. 1959ರಲ್ಲಿ ಬಂದ ಬ್ರಿಟನ್ನಿನ ಮಿನಿಯಲ್ಲಿ ವಿನ್ಯಾಸಕಾರ ಅಲೆಕ್ ಇಸಿಗೋನಿಸ್ ಜಾಗ ಉಳಿಸಲು ಗೇರ್‌ಬಾಕ್ಸನ್ನು ಇಂಜಿನ್ ಕೆಳಗೇ ಇಟ್ಟರು. ಅಲ್ಲಿ ಎರಡಕ್ಕೂ ಒಂದೇ ಆಯಿಲ್. 800ರ ರಚನೆ ಹಾಗಲ್ಲ. ಒಂದು ಕಾರಿಗೆ ಸರಿಯಾದ ಸಲಹೆ ಇನ್ನೊಂದಕ್ಕೆ ತಪ್ಪಾಗುವುದು ಹೀಗೆ.

ಹಾಗಾದರೆ ನಿಜವಾದ ರಿಪೇರಿ ಏನು?

ಡ್ರೈವ್ ಶಾಫ್ಟ್ ಸೀಲ್ ಹೋಗಿದ್ದರೆ ಇಡೀ ಗೇರ್‌ಬಾಕ್ಸ್ ಇಳಿಸಬೇಕಿಲ್ಲ. ಆಯಿಲ್ ಬಸಿದು, ಶಾಫ್ಟ್ ಎಳೆದು, ಹಳೆಯ ಸೀಲ್ ತೆಗೆದು ಹೊಸದನ್ನು ಓರೆಯಾಗದಂತೆ ಕೂರಿಸಬೇಕು. ಆಗಲೇ ಎರಡು ಸಂಗತಿ ನೋಡಲು ಹೇಳಿ: ಶಾಫ್ಟ್ ಮೇಲೆ ಗೀರು ಬಿದ್ದಿದೆಯೇ, ಬೇರಿಂಗ್ ಅಲುಗಾಡುತ್ತಿದೆಯೇ? ಇವೆರಡನ್ನು ಬಿಟ್ಟು ಸೀಲ್ ಮಾತ್ರ ಬದಲಿಸಿದರೆ ಸೋರಿಕೆ ಮತ್ತೆ ಬರುತ್ತದೆ.

ಇನ್‌ಪುಟ್ ಶಾಫ್ಟ್ ಸೀಲ್ ಹೋಗಿದ್ದರೆ ಮಾತ್ರ ಗೇರ್‌ಬಾಕ್ಸ್ ಇಳಿಸಲೇಬೇಕು. ಆಯಿಲ್ ಕ್ಲಚ್‌ಗೆ ತಾಗಿದರೆ ಅದು ಜಾರಲು ಶುರುವಾಗುತ್ತದೆ. ಇಲ್ಲಿ ಸೀಲ್ ಅಗ್ಗ, ಕೂಲಿಯೇ ದುಬಾರಿ. ಆದ್ದರಿಂದ ಇಳಿಸಿದಾಗಲೇ ಕ್ಲಚ್ಚನ್ನೂ ಪರೀಕ್ಷಿಸಿದರೆ ಎರಡು ಸಲ ಕೂಲಿ ತಪ್ಪುತ್ತದೆ.

ಆಯಿಲ್ ಬಸಿಯುವ ಮುನ್ನ ಮೇಲಿನ ಫಿಲ್ಲರ್ ಪ್ಲಗ್ ಬಿಚ್ಚಿಕೊಳ್ಳುತ್ತದೆಯೇ ಎಂದು ಮೊದಲು ನೋಡಬೇಕು. ಆಯಿಲ್ ಎಲ್ಲ ಬಸಿದ ಮೇಲೆ ಅದು ತುಕ್ಕು ಹಿಡಿದು ಬರಲಿಲ್ಲವೆಂದರೆ ಕಾರು ಅಲ್ಲೇ ನಿಲ್ಲುತ್ತದೆ. ಬಸಿದ ಆಯಿಲನ್ನು ಚರಂಡಿಗೆ ಸುರಿಯದೆ, ಹಳೆಯ ಆಯಿಲ್ ಸಂಗ್ರಹಿಸುವ ಗ್ಯಾರೇಜ್‌ಗೆ ಕೊಡಿ. ರಸ್ತೆಗೆ ಸೋರಿದ ಆಯಿಲ್ ಕೂಡ ಹಿಂದೆ ಬರುವ ಬೈಕ್ ಸವಾರನನ್ನು ಬೀಳಿಸಬಹುದು ಎಂಬುದು ನೆನಪಿರಲಿ.

ಕೊನೆಯದಾಗಿ

ನಮ್ಮ ಓದುಗರಿಗೆ ನಾವು ಹೇಳಿದ್ದು ಇಷ್ಟೇ: ಬಾಟಲಿಗೆ ಕೊಡುವ ದುಡ್ಡಿನಲ್ಲಿ ಮೊದಲು ಗೇರ್‌ಬಾಕ್ಸ್ ತೊಳೆಸಿ, ಸೋರುವ ಜಾಗ ಪತ್ತೆ ಮಾಡಿಸಿ, ಆಯಿಲ್ ಮಟ್ಟ ನೋಡಿಸಿ. ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿದಾಗ ಆಯಿಲ್ ಮಟ್ಟದ ಪ್ಲಗ್‌ನ ರಂಧ್ರದ ಕೆಳಅಂಚಿನವರೆಗೆ ಇರಬೇಕು. ಸೋರಿಕೆ ಸಣ್ಣದಾಗಿದ್ದು ಮಟ್ಟ ಸರಿಯಿದ್ದರೆ, ಆಗಾಗ ಪರೀಕ್ಷಿಸುತ್ತಾ ರಿಪೇರಿಗೆ ದುಡ್ಡು ಕೂಡಿಡಬಹುದು. ಮಟ್ಟ ಬೇಗ ಇಳಿಯುತ್ತಿದ್ದರೆ ಅಥವಾ ಸದ್ದು ಬರುತ್ತಿದ್ದರೆ ಕಾರು ಓಡಿಸಬೇಡಿ.

ಮುಂದಿನ ಸಲ “ಎಲ್ಲರಿಗೂ ಕಳುಹಿಸಿ” ಎಂಬ ಸಂದೇಶ ಬಂದಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಯಾವ ಕಾರಿಗೆ, ಯಾವ ಸೋರಿಕೆಗೆ? ಅದಕ್ಕೆ ಉತ್ತರವಿಲ್ಲದ ಸಂದೇಶ ನಿಮ್ಮ ಫೋನಿನಲ್ಲೇ ನಿಲ್ಲಲಿ.